ಮೂರು ನಿಮಿಷದ ಕಾಡು

ಕಳೆದುಹೋದ ಚೆಂಡನ್ನು ಹುಡುಕಲು ಗಾಲ್ಫಿನ ನಿಯಮ ಕೊಡುವ ಗಡುವು ಮೂರು ನಿಮಿಷ. 2019ಕ್ಕೆ ಮೊದಲು ಐದು ನಿಮಿಷವಿತ್ತು. ಆಟ ತೆವಳುತ್ತಿದೆ ಎಂದು ದೊಡ್ಡವರು ಕೂತು ಎರಡು ನಿಮಿಷ ಕತ್ತರಿಸಿದರು. ಅವರಲ್ಲಿ ಯಾರೂ ಉತ್ತರ ಮಿಶಿಗನ್ನಿನ ಕಾಡಿನಲ್ಲಿ ಚೆಂಡು ಹುಡುಕಿದವರಲ್ಲ ಎಂದು ನನ್ನ ಗುಮಾನಿ. ಅಲ್ಲಿ ಮೂರು ನಿಮಿಷವೆಂದರೆ ಜರೀಗಿಡ ಸರಿಸಿ, ಕತ್ತಿನ ಮೇಲಿನ ಸೊಳ್ಳೆ ಹೊಡೆದು, ‘ಇಲ್ಲೇ ಎಲ್ಲೋ ಬಿತ್ತಲ್ಲ’ ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಕಾಡು ಆಗಷ್ಟೇ ಕಣ್ಣಿಗೆ ಕಾಣಲು ಶುರುವಾಗಿರುತ್ತದೆ.

ಡೆಟ್ರಾಯಿಟ್‌ನಿಂದ ಐ-75 ಹೆದ್ದಾರಿ ಹಿಡಿದು ಮೂರೂವರೆ ಗಂಟೆ ಉತ್ತರಕ್ಕೆ ಹೋದರೆ ಗೇಲಾರ್ಡ್ ಎಂಬ ಊರು. ಜನ ನಾಲ್ಕು ಸಾವಿರ ಚಿಲ್ಲರೆ, ಸುತ್ತಮುತ್ತ ಗಾಲ್ಫ್ ಕೋರ್ಸುಗಳು ಹದಿನೈದಕ್ಕೂ ಮಿಕ್ಕಿ. ಊರ ಬಳಿಯೇ 45ನೇ ಅಕ್ಷಾಂಶ ಹಾದುಹೋಗುತ್ತದೆ. ಸಮಭಾಜಕಕ್ಕೂ ಉತ್ತರ ಧ್ರುವಕ್ಕೂ ಇದೇ ನಡುಮಧ್ಯ ಎಂದು ರಸ್ತೆ ಬದಿಗೆ ಹಲಗೆ ನೆಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹತ್ತಿರ. ‘ಕತ್ತಲಾಯಿತು, ಮನೆಗೆ ಹೋಗೋಣ’ ಎಂಬ ನೆಪ ಯಾರಿಗೂ ಸಿಗುವುದಿಲ್ಲ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ಭಾವ. ಕಾರು ತಯಾರಿಸುವ ಕಂಪನಿಯೊಂದರಲ್ಲಿ ಆಯುಷ್ಯವೆಲ್ಲ ಗೇರ್‌ಬಾಕ್ಸಿನ ಜೊತೆ ಕಳೆದು ನಿವೃತ್ತರಾದವರು. ಗೇರ್‌ಬಾಕ್ಸಿನಲ್ಲಿ ಸಹಿಸದೆ ಇದ್ದ ಸಡಿಲವನ್ನು ಅವರು ಗಾಲ್ಫಿನಲ್ಲೂ ಸಹಿಸುವುದಿಲ್ಲ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಬಾರದೆಂಬ ನಿಯಮವಿದೆ. ಅದಕ್ಕೆ ಹೊರಡುವ ಮುನ್ನ ನನ್ನ ಚೀಲವನ್ನೂ ಎಣಿಸಿದರು. ಅದು ಅವರದೇ ಹಳೆಯ ಚೀಲ, ಒಳಗಿದ್ದದ್ದು ಒಂಬತ್ತು ಕೋಲು. ಆದರೂ ಎಣಿಸಿದರು.

ನಮ್ಮ ಮನೆಯಲ್ಲಿ ಗಾಲ್ಫ್ ಗೊತ್ತಾದದ್ದು 2021ರ ಆಗಸ್ಟ್‌ನಲ್ಲಿ, ಒಂದು ಶನಿವಾರ ಬೆಳಿಗ್ಗೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕಕ್ಕೆ ಕೂದಲೆಳೆಯ ದೂರದಲ್ಲಿ ಆಡುತ್ತಿದ್ದಳು. ಅದುವರೆಗೆ ಬೋಗಿ ಎಂದರೆ ರೈಲಿನದು ಎಂದುಕೊಂಡಿದ್ದ ನಮ್ಮ ಬೀದಿಯವರೆಲ್ಲ ಕಾಫಿ ಲೋಟ ಹಿಡಿದು, ‘ಈ ಪಟ್ ಬೀಳಬೇಕಿತ್ತು ಕಣ್ರೀ’ ಎಂದು ತಜ್ಞರಾದರು. ಅವಳು ನಾಲ್ಕನೆಯವಳಾದಳು. ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿ ಮರಳಿ ಕ್ರಿಕೆಟ್ಟಿಗೆ ಹೋಯಿತು. ನನ್ನಲ್ಲಿ ಮಾತ್ರ ಒಂದಿಷ್ಟು ಕುತೂಹಲ ಉಳಿಯಿತು. ಅದರ ಫಲವೇ ಭಾವನ ಈ ಹಳೆಯ ಚೀಲ.

ನಾವು ಮೊದಲ ದಿನ ಆಡಿದ್ದು ಊರಾಚೆಯ ಒಂದು ಸಾಧಾರಣ ಕೋರ್ಸಿನಲ್ಲಿ. ಯಾರು ಬೇಕಾದರೂ ದುಡ್ಡು ಕೊಟ್ಟು ಆಡಬಹುದಾದಂಥದ್ದು. ಹದಿನೆಂಟು ಹೋಲುಗಳು, ಪ್ರತಿಯೊಂದಕ್ಕೂ ಕಾಡು ಕಡಿದು ಬಿಡಿಸಿದ ಒಂದೊಂದು ಹಸಿರು ಓಣಿ. ಒಂದು ಹೋಲಿನಲ್ಲಿ ನಿಂತರೆ ಪಕ್ಕದ ಹೋಲು ಕಾಣುವುದಿಲ್ಲ, ಅಲ್ಲಿ ಆಡುವವರ ದನಿಯೂ ಕೇಳುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು, ಸುತ್ತ ಊರು ಒತ್ತಿಕೊಂಡು ನಿಂತಿದೆ. ಗೇಲಾರ್ಡಿನಲ್ಲಿ ಒತ್ತಿಕೊಂಡು ನಿಂತಿರುವುದು ಮೇಪಲ್, ಬೀಚ್, ಬರ್ಚ್, ಪೈನ್. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ ಕ್ಯಾಡಿ ಇರುತ್ತಾನೆ. ಚೆಂಡು ಎಲ್ಲಿ ಬಿತ್ತೆಂಬುದು ಹೊಡೆದವನಿಗಿಂತ ಮೊದಲು ಅವನಿಗೆ ಗೊತ್ತು. ಅಲ್ಲಿ ಬ್ಯಾಟರಿ ಕಾರ್ಟು. ಅದರ ಪರದೆಯ ಮೇಲೆ ಕುಳಿಯಿರುವ ಗ್ರೀನ್ ಎಷ್ಟು ಗಜ ದೂರವಿದೆ ಎಂದು ಬರುತ್ತದೆ, ಚೆಂಡು ಎಲ್ಲಿ ಹೋಯಿತೆಂದು ಮಾತ್ರ ಬರುವುದಿಲ್ಲ.

ಮೊದಲೆರಡು ಹೋಲುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಭಾವ ನೇರವಾಗಿ ಹೊಡೆದರು, ನೇರವಾಗಿ ನಡೆದರು, ಚೀಟಿಯಲ್ಲಿ ಬರೆದುಕೊಂಡರು.

ಮೂರನೆಯದರಲ್ಲಿ ಫೇರ್‌ವೇ ನಡುವೆ ಎರಡು ಸ್ಯಾಂಡ್‌ಹಿಲ್ ಕ್ರೇನುಗಳು ನಿಂತಿದ್ದವು. ಎದೆಯೆತ್ತರದ ಬೂದು ಹಕ್ಕಿಗಳು, ಹಣೆಗೆ ಕೆಂಪು. ನಮ್ಮ ಕ್ರೌಂಚದ ಕುಲಬಾಂಧವರು. ಭಾವ ಡ್ರೈವರ್ ಕೋಲು ಎತ್ತಿದರು. ಹಕ್ಕಿಗಳು ಕದಲಲಿಲ್ಲ.

“ಹೊಡೀಬೇಡಿ ಭಾವ,” ಎಂದೆ. “ಕ್ರೌಂಚದ ಜೋಡಿ ಕಡೆ ಏನಾದ್ರೂ ಬಿಡೋದಕ್ಕೆ ಮುಂಚೆ ರಾಮಾಯಣ ಓದಿದವರು ಎರಡು ಸಲ ಯೋಚಿಸಬೇಕು.”

“ವಾಲ್ಮೀಕಿ ಪಕ್ಕದಲ್ಲಿ ನಿಂತಿದ್ದ ಕಣಯ್ಯ, ಅದಕ್ಕೇ ಅಷ್ಟು ದೊಡ್ಡ ಪುಸ್ತಕ ಆಯ್ತು. ನೀನು ನಿಂತ್ರೆ ಏನಾಗುತ್ತೆ?” ಎಂದರು. ಆದರೂ ಕೋಲು ಇಳಿಸಿದರು. ಹಕ್ಕಿಗಳು ನಮಗಿಂತ ಗಂಭೀರವಾಗಿ ಹೆಜ್ಜೆಯಿಡುತ್ತ, ಹುಲ್ಲು ಕುಕ್ಕುತ್ತ, ಕೊನೆಗೆ ಒಮ್ಮೆ ಗಂಟಲು ಬಿಚ್ಚಿ ಕೂಗಿ ಮರಗಳತ್ತ ಹೋದವು. ನಿಂತ ಚೆಂಡನ್ನು ಹಕ್ಕಿ ಕುಕ್ಕಿ ಸರಿಸಿದರೆ ದಂಡವಿಲ್ಲವಂತೆ, ಮೊದಲಿದ್ದ ಜಾಗದಲ್ಲಿ ಮರಳಿ ಇಟ್ಟು ಆಡಬಹುದಂತೆ. ಗಾಲ್ಫಿನ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಐದನೆಯ ಹೋಲಿನಲ್ಲಿ ನನ್ನ ಚೆಂಡು ಬಲಕ್ಕೆ ಹೊರಳಿ ಮರಗಳೊಳಗೆ ಹೋಯಿತು. ಬಲಗೈಯವರ ಸ್ಲೈಸ್ ಬಲಕ್ಕೇ ಹೋಗಬೇಕು, ಅದರಲ್ಲಿ ಅವಮಾನವೇನಿಲ್ಲ. ಒಳಗೆ ಹೋಗಿ ನೋಡಿದರೆ ಕೆಂಪು ಪೈನ್ ಮರಗಳು ಸಾಲುಸಾಲಾಗಿ, ದಾರ ಹಿಡಿದು ನೆಟ್ಟಂತೆ. ಕಾಡು ಹೀಗೆ ಶಿಸ್ತಾಗಿ ಬೆಳೆಯುವುದಿಲ್ಲವಲ್ಲ ಎಂದರೆ, ಭಾವ ಗಡಿಯಾರ ನೋಡುತ್ತಲೇ ಕಥೆ ಹೇಳಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಿಶಿಗನ್ ಅಮೆರಿಕದಲ್ಲೇ ಅತಿ ಹೆಚ್ಚು ನಾಟಾ ಕೊಟ್ಟ ರಾಜ್ಯ. ಬಿಳಿ ಪೈನ್ ಮರಗಳನ್ನು ಚಳಿಗಾಲದಲ್ಲಿ ಕಡಿದು, ಹಿಮದ ಮೇಲೆ ಜಾರಿಸಿ, ವಸಂತದಲ್ಲಿ ನದಿಗೆ ಬಿಟ್ಟು ಗರಗಸದ ಮಿಲ್ಲುಗಳಿಗೆ ಕಳಿಸುತ್ತಿದ್ದರು. 1871ರಲ್ಲಿ ಸುಟ್ಟುಹೋದ ಶಿಕಾಗೋ ಮರಳಿ ಎದ್ದದ್ದರಲ್ಲಿ ಈ ಮರದ ಪಾಲು ದೊಡ್ಡದು. ಇಪ್ಪತ್ತನೆಯ ಶತಮಾನ ಹುಟ್ಟಿ ಸ್ವಲ್ಪ ಕಾಲಕ್ಕೆ ಉತ್ತರದ ಕಾಡು ಬೋಳಾಯಿತು. ಉಳಿದ ರೆಂಬೆಕೊಂಬೆಗಳಿಗೆ ಬೆಂಕಿ ಬಿತ್ತು. ಭೂಮಿ ಅಗ್ಗವೆಂದು ಬೇಸಾಯಕ್ಕೆ ಬಂದವರು ನೇಗಿಲು ಹೂಡಿದರೆ ಬರೀ ಮರಳು. ತೆರಿಗೆ ಕಟ್ಟಲಾಗದೆ ಜಮೀನು ಬಿಟ್ಟುಹೋದರು, ಅದು ಸರ್ಕಾರಕ್ಕೆ ಸೇರಿತು. 1933ರಿಂದ ಮುಂದೆ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದ ಹುಡುಗರನ್ನು ಶಿಬಿರಗಳಲ್ಲಿಟ್ಟು ಸರ್ಕಾರ ಕೋಟಿಗಟ್ಟಲೆ ಸಸಿ ನೆಡಿಸಿತು. ಪ್ರೆಸಿಡೆಂಟ್ ರೂಸ್‌ವೆಲ್ಟ್ ಕಾಲದ ಆ ಯೋಜನೆಯ ಹೆಸರು ಸಿಸಿಸಿ. ಸಾಲಿನಲ್ಲಿ ನಿಂತ ಕೆಂಪು ಪೈನುಗಳೆಲ್ಲ ಹೆಚ್ಚಾಗಿ ಆ ಹುಡುಗರ ಕೈಯವು.

“ನಾಲ್ಕು ನಿಮಿಷ ಆಯ್ತು,” ಎಂದರು ಭಾವ.

“ಅದರಲ್ಲಿ ಮೂರು ನಿಮಿಷ ನೀವೇ ಮಾತಾಡಿದ್ದು.”

ನೆಟ್ಟ ಕಾಡಿನ ಒಂದು ಅನುಕೂಲವೆಂದರೆ ಸಾಲಿನ ತುದಿಗೆ ನಿಂತು ಬಗ್ಗಿ ನೋಡಿದರೆ ಆಚೆ ತುದಿಯವರೆಗೂ ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಬಿಳಿಯದೇನೋ ಕಂಡಿತು. ಎತ್ತಿ ನೋಡಿದರೆ ಯಾರೋ ದಂತವೈದ್ಯರ ಜಾಹೀರಾತು ಮುದ್ರಿಸಿದ ಚೆಂಡು. ಅಲ್ಲಿನ ಬ್ಯಾಂಕು, ವಿಮೆ, ದಂತವೈದ್ಯರೆಲ್ಲ ಚೆಂಡಿನ ಮೇಲೆ ಹೆಸರು ಹಾಕಿಸಿ ಹಂಚುತ್ತಾರೆ. ಆ ಚೆಂಡುಗಳೆಲ್ಲ ಕೊನೆಗೆ ಕಾಡಿನಲ್ಲೇ ಠೇವಣಿಯಾಗುತ್ತವೆ. ಹೋದದ್ದಕ್ಕೂ ಸಿಕ್ಕಿದ್ದಕ್ಕೂ ಲೆಕ್ಕ ಸರಿಹೋದರೆ ಕಾಡಿಗೂ ನಮಗೂ ಬಾಕಿಯಿಲ್ಲ. ದಂಡ ಹಾಕುವುದು ಭಾವನ ಚೀಟಿ ಮಾತ್ರ.

ಇಲ್ಲಿ ಗಾಲ್ಫ್ ಇಷ್ಟು ಹುಲುಸಾಗಿ ಬೆಳೆದದ್ದಕ್ಕೂ ಆ ಮರಳೇ ಕಾರಣ. ಹಿಮಯುಗದ ನೀರ್ಗಲ್ಲು ಹಿಂದೆ ಸರಿಯುವಾಗ ಸುರಿದುಹೋದ ಮರಳು, ಜಲ್ಲಿಯ ದಿಬ್ಬಗಳೇ ಈ ಗುಡ್ಡಗಳು. ಹೂತುಹೋದ ಮಂಜುಗಡ್ಡೆಯ ತುಂಡು ಕರಗಿದ ಕಡೆ ಗುಂಡಿ, ಗುಂಡಿಯಲ್ಲಿ ಕೆರೆ. ರಾತ್ರಿಯೆಲ್ಲ ಮಳೆ ಹೊಯ್ದರೂ ಬೆಳಿಗ್ಗೆಗೆ ನೆಲ ನೀರು ಕುಡಿದು ಮುಗಿಸಿರುತ್ತದೆ. ರೈತನನ್ನು ಓಡಿಸಿದ ಮಣ್ಣು ಆಟಗಾರನಿಗೆ ಬಂಗಾರವಾಯಿತು. ರೈತನ ಮೊಮ್ಮಕ್ಕಳು ಈಗ ಅಲ್ಲೇ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರೂ ಇರಬಹುದು.

ಒಂಬತ್ತು ಹೋಲು ಮುಗಿದ ಮೇಲೆ ಎಲ್ಲರೂ ಹಾಟ್‌ಡಾಗ್ ತಿನ್ನುತ್ತಾರೆ. ಅಕ್ಕ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಕಾರ್ಟಿನಲ್ಲಿ ಕೂತು ತಿಂದೆವು. ಒಂದು ಚಿಪ್‌ಮಂಕ್ ಅಳಿಲು ಬಂದು ಬಿದ್ದ ಕಡಲೆಬೀಜವೊಂದನ್ನು ಕೆನ್ನೆಗೆ ತುಂಬಿಕೊಂಡು ಹೋಯಿತು, ತಕ್ಷಣ ಮತ್ತೆ ಬಂತು. ಅಕ್ಕನ ಕೈರುಚಿಗೆ ಅಷ್ಟು ಬೇಗ ಮರ್ಯಾದೆ ಕೊಟ್ಟವರನ್ನು ನಾನು ಕಂಡಿಲ್ಲ. ಭಾವನಿಗೆ ಹೇಳಲಿಲ್ಲ.

ಹನ್ನೆರಡನೆಯ ಹೋಲು ಜೌಗಿನ ಪಕ್ಕ. ಅಲ್ಲಿ ಚೆಂಡು ಹೋದರೆ ಬಿಟ್ಟುಬಿಡುವುದು ಲೇಸು. ಸೊಳ್ಳೆಗಳು ಬಾಕಿ ವಸೂಲಿಗೆ ಬಂದಂತೆ ಬರುತ್ತವೆ. ಭಾವ ಕೂಡ ಆ ಗ್ರೀನಿನಲ್ಲಿ ಗೆರೆ ನೋಡದೆ, ಬಾಗದೆ, ಓಡುತ್ತಲೇ ಪಟ್ ಹೊಡೆದರು. ಅದು ಬಿತ್ತು. ಇಡೀ ದಿನ ಗೆರೆ ಹಿಡಿದು ಅಳೆದ ಪಟ್ಟುಗಳಲ್ಲಿ ಅಷ್ಟು ದೂರದ್ದು ಇನ್ನೊಂದು ಬೀಳಲಿಲ್ಲ. ಇದರಿಂದ ಅವರು ಏನನ್ನಾದರೂ ಕಲಿತಂತೆ ಕಾಣಲಿಲ್ಲ.

ಭಾವ ಹೇಳಿದ ಆ ಹಳೆಯ ಕಾಡು ನೋಡಬೇಕೆಂದರೆ ಗೇಲಾರ್ಡಿನಿಂದ ಅರ್ಧ ಗಂಟೆ ದಕ್ಷಿಣಕ್ಕೆ ಗ್ರೇಲಿಂಗ್. ಅಲ್ಲಿ ಹಾರ್ಟ್‌ವಿಕ್ ಪೈನ್ಸ್ ಎಂಬ ಉದ್ಯಾನದಲ್ಲಿ ಕೊಡಲಿ ತಾಗದ ಹಳೆಯ ಬಿಳಿ ಪೈನ್ ಕಾಡು 49 ಎಕರೆಯಷ್ಟು ಉಳಿದಿದೆ. 1927ರಲ್ಲಿ ಕ್ಯಾರೆನ್ ಹಾರ್ಟ್‌ವಿಕ್ ಎಂಬಾಕೆ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಗಂಡನ ನೆನಪಿಗೆ ಆ ಜಾಗವನ್ನು ರಾಜ್ಯಕ್ಕೆ ಕೊಟ್ಟರು. ಆಕೆಯ ತಂದೆ ಮರ ಕಡಿಸುವ ಕಂಪನಿಯ ಪಾಲುದಾರ. ಆಗ ಹಳೆಯ ಕಾಡು 85 ಎಕರೆಯಿತ್ತು, 1940ರ ಬಿರುಗಾಳಿ ಅದರಲ್ಲಿ ಒಂದು ಪಾಲನ್ನು ಉರುಳಿಸಿತು. ಆ ಮರಗಳ ಕೆಳಗೆ ನಿಂತ ಮೇಲೆ ಗಾಲ್ಫ್ ಕೋರ್ಸಿನ ಮರಗಳು ಇನ್ನೂ ಶಾಲೆಗೆ ಹೋಗುವ ಹುಡುಗರು ಅನ್ನಿಸಿಬಿಡುತ್ತದೆ.

ಅದೇ ಗ್ರೇಲಿಂಗ್ ಸುತ್ತಿನ ಎಳೆಯ ಜ್ಯಾಕ್ ಪೈನ್ ಪೊದೆಗಳಲ್ಲಿ ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಎಂಬ ಹಳದಿ ಎದೆಯ ಪುಟ್ಟ ಹಕ್ಕಿ ಗೂಡು ಕಟ್ಟುತ್ತದೆ. ಮರ ಎಳೆಯದಿರಬೇಕು, ಗೂಡು ನೆಲದ ಮೇಲಿರಬೇಕು, ಇಲ್ಲದಿದ್ದರೆ ಸಂಸಾರವೇ ಬೇಡ ಎನ್ನುವ ಜಾತಿ. ಜ್ಯಾಕ್ ಪೈನಿನ ಕಾಯಿ ಬೆಂಕಿಯ ಕಾವಿಗೆ ಬಿರಿಯುವಂಥದ್ದು. ಜನ ಕಾಳ್ಗಿಚ್ಚು ಆರಿಸಲು ಕಲಿತ ಮೇಲೆ ಎಳೆಯ ಕಾಡು ಕಡಿಮೆಯಾಗಿ, ಇನ್ನೊಂದು ಹಕ್ಕಿ ಅದರ ಗೂಡಿನಲ್ಲಿ ಮೊಟ್ಟೆಯಿಟ್ಟು ಕಾಡಿ, 1987ರಲ್ಲಿ ಎಣಿಸಿದಾಗ ಹಾಡುವ ಗಂಡುಗಳು 167 ಮಾತ್ರ ಸಿಕ್ಕವು. ಬೇಕೆಂದೇ ಹಳೆಯ ಮರ ತೆಗೆದು, ಎಳೆಯದನ್ನು ಬೆಳೆಸಿ, ದಶಕಗಳ ಕಾಲ ಕಾದ ಮೇಲೆ 2019ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಟ್ಟರು. ಈ ಹಕ್ಕಿಯ ತೂಕ ಗಾಲ್ಫ್ ಚೆಂಡಿನ ಮೂರನೇ ಒಂದು ಪಾಲು. ಚಳಿಗಾಲಕ್ಕೆ ಬಹಾಮಾಸ್ ದ್ವೀಪಗಳಿಗೆ ಹಾರಿ, ಮೇ ತಿಂಗಳಿಗೆ ಸರಿಯಾಗಿ ಈ ಪೊದೆಗಳಿಗೇ ಬಂದಿಳಿಯುತ್ತದೆ. ನೂರೈವತ್ತು ಗಜ ಹೋಗಬೇಕಾದ ನನ್ನ ಚೆಂಡಿಗೆ ಈ ವಿಷಯ ಗೊತ್ತಿರಲಿ ಎಂದು ಟೀ ಮೇಲಿಡುವಾಗ ಹೇಳಿದೆ.

ಎರಡನೆಯ ದಿನ ಹೋದದ್ದು ಟ್ರೀಟಾಪ್ಸ್ ಎಂಬ ರೆಸಾರ್ಟಿಗೆ. ಅಲ್ಲಿನ ‘ಮಾಸ್ಟರ್‌ಪೀಸ್’ ಕೋರ್ಸನ್ನು ರಚಿಸಿದವರು ರಾಬರ್ಟ್ ಟ್ರೆಂಟ್ ಜೋನ್ಸ್ ಹಿರಿಯರು. 1987ರಲ್ಲಿ ಅದು ತೆರೆದಾಗ ಅವರಿಗೆ ಎಂಬತ್ತರ ಆಸುಪಾಸು. ನಿಗದಿತ ಹೊಡೆತಗಳಲ್ಲಿ ಮುಗಿಸಿ ಪಾರ್ ಮಾಡುವುದು ಕಷ್ಟವಿರಬೇಕು, ಒಂದು ಹೆಚ್ಚು ಹೊಡೆದು ಬೋಗಿ ಮಾಡುವುದು ಸುಲಭವಿರಬೇಕು ಎನ್ನುವುದು ಅವರ ಸಿದ್ಧಾಂತ. ನನ್ನಂಥವರಿಗೆ ಇದರಿಂದ ಆದ ಉಪಕಾರ ಇನ್ನೂ ತಿಳಿದುಬಂದಿಲ್ಲ.

ಆರನೆಯ ಹೋಲು ಪಾರ್ ಮೂರು. ಟೀಯಿಂದ ಗ್ರೀನಿಗೆ 120 ಅಡಿ ಇಳಿತ, ಎಂದರೆ ಹನ್ನೆರಡು ಮಹಡಿ. ಎದುರಿಗೆ ಪಿಜನ್ ನದಿಯ ಕಣಿವೆ, ಕಣ್ಣು ಹಾಯುವಷ್ಟು ದೂರಕ್ಕೂ ಮರದ ನೆತ್ತಿಗಳು. ಮನೆ, ಕಂಬ, ಗೋಪುರ ಏನೂ ಕಾಣುವುದಿಲ್ಲ. ಈ ನೋಟದಿಂದಲೇ ರೆಸಾರ್ಟಿಗೆ ಆ ಹೆಸರು ಬಂತಂತೆ. ಕೆಳಗಿನ ಗ್ರೀನಿಗೆ ಹೊಡೆಯುವುದೆಂದರೆ ಅಟ್ಟದ ಮೇಲೆ ನಿಂತು ಅಂಗಳದ ತಟ್ಟೆಗೆ ನಿಂಬೆಹಣ್ಣು ಎಸೆದ ಹಾಗೆ. ದೂರಕ್ಕೆ ತಕ್ಕ ಕೋಲು ಹಿಡಿದರೆ ಚೆಂಡು ಗ್ರೀನನ್ನು ದಾಟಿಹೋಗುತ್ತದೆ. ಇಳಿತಕ್ಕೆ ತಕ್ಕದ್ದು ಹಿಡಿದರೆ ಗಾಳಿ ತಿಂದುಹಾಕುತ್ತದೆ. ಭಾವ ಹುಲ್ಲಿನ ಎಸಳು ಕಿತ್ತು ಗಾಳಿಗೆ ಹಾರಿಸಿ, ಕೋಲು ಬದಲಿಸಿ, ಮತ್ತೆ ಹಾರಿಸಿ, ಮತ್ತೆ ಬದಲಿಸಿದರು. ಹಿಂದೆ ಕಾಯುತ್ತಿದ್ದ ನಾಲ್ವರು ಕೆಮ್ಮಿದರು. ಭಾವ ಹೊಡೆದರು. ಚೆಂಡು ಬಹಳ ಹೊತ್ತು ಆಕಾಶದಲ್ಲೇ ಇತ್ತು. ಹೊಡೆದ ಚೆಂಡಿನ ಬಗ್ಗೆ ಅಷ್ಟು ಹೊತ್ತು ಆಸೆಯಿಟ್ಟುಕೊಳ್ಳಲು ಬೇರೆ ಯಾವ ಆಟ ಬಿಡುತ್ತದೆ? ಗ್ರೀನಿನ ಎಡಕ್ಕಿರುವ ಮರಳಿಗೆ ಬಿತ್ತು. ನನ್ನದು ಮರದ ನೆತ್ತಿಗಳಲ್ಲೊಂದಕ್ಕೆ. ಕೆಳಗಿಳಿಯುವ ಶಬ್ದ ಕೇಳಲಿಲ್ಲ, ಈಗಲೂ ಮೇಲೇ ಇರಬಹುದು.

ಪಕ್ಕದಲ್ಲೇ ‘ತ್ರೀಟಾಪ್ಸ್’ ಎಂಬ ಒಂಬತ್ತು ಹೋಲಿನ ಪುಟ್ಟ ಕೋರ್ಸಿದೆ, ಎಲ್ಲವೂ ಪಾರ್ ಮೂರು. 2001ರಲ್ಲಿ ಅಲ್ಲಿಯ ಏಳನೆಯ ಹೋಲಿನಲ್ಲಿ, ಟೀವಿ ಕ್ಯಾಮೆರಾಗಳ ಮುಂದೆ, 61 ವರ್ಷದ ಲೀ ಟ್ರೆವಿನೋ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿ ಹತ್ತು ಲಕ್ಷ ಡಾಲರ್ ಗೆದ್ದರು. ಭಾವ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ.

“ಅವರು ಕಾಡಿನೊಳಕ್ಕೆ ಹೋಗಲೇ ಇಲ್ಲ ಹಾಗಾದ್ರೆ,” ಎಂದೆ.

“ಯಾಕೆ ಹೋಗ್ಬೇಕು?”

ಇದೇ ನಮ್ಮಿಬ್ಬರ ಭಿನ್ನಾಭಿಪ್ರಾಯ. ನೇರವಾಗಿ ಹೊಡೆಯುವವನಿಗೆ ಉತ್ತರದ ಕಾಡಿನಲ್ಲಿ ಸಿಗುವುದು ಕತ್ತರಿಸಿದ ಹುಲ್ಲು. ಅದು ಎಲ್ಲ ಊರಲ್ಲೂ ಒಂದೇ. ಸಾಲು ಪೈನು, ನೆಲಕ್ಕಂಟಿದ ಕಾಡು ಸ್ಟ್ರಾಬೆರಿ, ಜಿಂಕೆ ಮಲಗಿ ಎದ್ದುಹೋದ ಹುಲ್ಲಿನ ಗುರುತು, ದಂತವೈದ್ಯರ ವಿಳಾಸ ಇವೆಲ್ಲ ಬಲಕ್ಕೆ ಹೊರಳಿಸುವವನ ಪಾಲು. ಕಾಸು ಇಬ್ಬರದೂ ಒಂದೇ. ದುಡ್ಡಿಗೆ ತಕ್ಕ ಸರಕು ಯಾರಿಗೆ ಸಿಕ್ಕಿತೆಂದು ಲೆಕ್ಕ ಹಾಕಿದರೆ ಗೆದ್ದವರು ಭಾವ ಅಲ್ಲ. ಅವರ ಚೀಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಆ ಕಡೆ ಹೋಗುವವರು ಹೊಸ ಚೆಂಡು ಕೊಳ್ಳಬೇಡಿ, ಹಳೆಯವು ಸಾಕು. ಸೊಳ್ಳೆ ಔಷಧಿ ಮರೆಯಬೇಡಿ, ಉದ್ದ ಪ್ಯಾಂಟು ಹಾಕಿಕೊಳ್ಳಿ, ಮೂರೆಲೆಯ ಪಾಯ್ಸನ್ ಐವಿ ಬಳ್ಳಿಯನ್ನು ಮುಟ್ಟಬೇಡಿ. ಸೆಪ್ಟೆಂಬರ್ ಕೊನೆಗೆ ಹೋದರೆ ಮೇಪಲ್ ಎಲೆ ಕೆಂಪಾಗಿರುತ್ತದೆ, ಪಿಜನ್ ನದಿಯ ಕಾಡಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕೂಗುತ್ತಿರುತ್ತವೆ. 1918ರಲ್ಲಿ ಪಶ್ಚಿಮದಿಂದ ತಂದು ಬಿಟ್ಟ ಏಳು ಎಲ್ಕ್‌ಗಳ ವಂಶ ಅದು. ಅಕ್ಟೋಬರ್ ದಾಟಿದರೆ ಪ್ರಯೋಜನವಿಲ್ಲ, ಬಾವುಟ ಕಿತ್ತು ಒಳಗಿಟ್ಟಿರುತ್ತಾರೆ. ಆಮೇಲೆ ಆ ಗುಡ್ಡಗಳು ಸ್ಕೀ ಆಡುವವರವು.