ರೋಬೋ ಮೊದಲು ನಮ್ಮದೇ!

2010ರಲ್ಲಿ ರಜನಿಯ 'ಎಂದಿರನ್' ಬಂದಾಗ ಹೊಸೂರಿಗೆ ಹೋಗಿ ನೋಡಿಬಂದ, ತಮಿಳುನಾಡಿನ ಗಡಿಯೂರು ತಳಿಯ ಹುಡುಗರು ತೆರೆದ ಬಾಯಿ ಮುಚ್ಚಲಿಲ್ಲ. ಟೀ ಅಂಗಡಿ ಮಾವನಿಗೆ ಮಾತ್ರ ಉರಿ: "ಪ್ರೀತಿ ಮಾಡೋ ರೋಬೋನ ನಮ್ಮ ಉಪೇಂದ್ರ 2002ರಲ್ಲೇ 'ಹಾಲಿವುಡ್'ನಲ್ಲಿ ತೋರಿಸಿದ್ದ ಕಣ್ರೋ!"

ಮಾವನ ಮಾತು ಸುಳ್ಳಲ್ಲ. ಒಬ್ಬನಿಗೇ ಮೂರು ಪಾತ್ರ, ಅಮೆರಿಕದಲ್ಲಿ ಶೂಟಿಂಗು, ದಿನೇಶ್ ಬಾಬು ನಿರ್ದೇಶನ, ಗುರುಕಿರಣ್ ಸಂಗೀತ, ಕೋಟಿ ರಾಮು ದುಡ್ಡು. ಯೋಚನೆ ಎಂಟು ವರ್ಷ ಮುಂದಿತ್ತು, ಗಲ್ಲಾಪೆಟ್ಟಿಗೆ ಹಿಂದುಳಿಯಿತು. ದುಡ್ಡೆಲ್ಲ ವಿಮಾನದ ಟಿಕೆಟ್ಟಿಗೇ ಹೋಯಿತೇನೋ, ಗ್ರಾಫಿಕ್ಸಿಗೆ ಚಿಲ್ಲರೆ ಉಳಿದಂತಿರಲಿಲ್ಲ. ಮೇಲಾಗಿ ಆ ಮೂರು ಪಾತ್ರಗಳಲ್ಲಿ ರೋಬೋ ಯಾರು, ಮನುಷ್ಯ ಯಾರು ಅನ್ನೋದೇ ಪ್ರೇಕ್ಷಕನಿಗೆ ತಲೆನೋವು. ಉಪೇಂದ್ರ ಮಾಮೂಲಿಯಾಗೇ ಹಾಗಲ್ಲವೇ!

"ಅಷ್ಟು ಚೆನ್ನಾಗಿದ್ರೆ ನೀವೆಷ್ಟು ಸಲ ನೋಡಿದ್ರಿ ಮಾವ?"

"ನಾನಾ? ಆವಾಗ ಹೊಸೂರಲ್ಲಿ ಒಳ್ಳೇ ತಮಿಳು ಪಿಚ್ಚರ್ ಓಡ್ತಿತ್ತಲ್ಲಪ್ಪ!"