ಅಡ್ಮಿನ್‌ಗಳ ಊರಿಗೊಂದು ಸರ್ವರ್

ಸದಸ್ಯರಿಗೆ ಬರ ಬಂದರೂ ಬಂದೀತು, ನಮ್ಮ ಕಡೆಯ ಗ್ರೂಪುಗಳಲ್ಲಿ ಅಡ್ಮಿನ್‌ಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ನದಿ ಒಂದಡಿ ಏರಿದರೆ ಸಾಕು, ಉಪ್ಪಿನಂಗಡಿಯ ಹೆಸರಿನಲ್ಲಿ ಇನ್ನೊಂದು ವಾಟ್ಸಾಪ್ ಗ್ರೂಪ್ ಹುಟ್ಟುತ್ತದೆ. ‘ಎರಡೂ ನದಿಗಳ ಸಂಗಮ ಆಯ್ತಾ?’ ಎಂದು ಒಬ್ಬರು ಕೇಳುತ್ತಾರೆ. ‘ಕುಮಾರಧಾರಾ ಇನ್ನೂ ಬರ್ಬೇಕಷ್ಟೆ’ ಎಂದು ಇನ್ನೊಬ್ಬರು. ಮೂರನೆಯವರು 1974ರ ನೆರೆಯ ಕಪ್ಪುಬಿಳುಪು ಫೋಟೊ ಹಾಕಿ ‘ಈಗಷ್ಟೇ ತೆಗೆದದ್ದು’ ಎನ್ನುತ್ತಾರೆ. ಮೂವರೂ ಅಡ್ಮಿನ್‌ಗಳೇ.

ಈ ಗ್ರೂಪುಗಳನ್ನೆಲ್ಲ ಹೊತ್ತ ವಾಟ್ಸಾಪ್ ಶುರುವಿನಲ್ಲಿ ನಿಂತದ್ದು ಇಜಾಬರ್‌ಡಿ ಎಂಬ ಸರ್ವರ್ ತಂತ್ರಾಂಶದ ಮೇಲೆ. 2002ರಲ್ಲಿ ಅಲೆಕ್ಸಿ ಶೆಪಿನ್ ಬರೆಯತೊಡಗಿದ್ದು. ಭಾಷೆ ಅರ್ಲಾಂಗ್, ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಹುಟ್ಟಿಸಿದ್ದು. ಆ ತಂತ್ರಾಂಶ ಇಂದಿಗೂ ಪುಕ್ಕಟೆ ಸಿಗುತ್ತದೆ. 2014ರಲ್ಲಿ ಫೇಸ್‌ಬುಕ್ ವಾಟ್ಸಾಪನ್ನು ಕೊಂಡಾಗ 45 ಕೋಟಿ ಜನರ ಹರಟೆಯನ್ನು ಮೂವತ್ತು ಚಿಲ್ಲರೆ ಎಂಜಿನಿಯರುಗಳು ಸಂಭಾಳಿಸುತ್ತಿದ್ದರು. ನಮ್ಮಲ್ಲಿ ಒಂದು ಬ್ರಹ್ಮಕಲಶದ ಗ್ರೂಪಿಗೆ ಅಷ್ಟು ಮಂದಿ ಸಾಲುವುದಿಲ್ಲ.

ಹಾಗಾದರೆ ಊರಿಗೇ ಒಂದು ಸ್ವಂತ ಸರ್ವರ್ ಯಾಕಾಗಬಾರದು? ಬೇಕಾದದ್ದು ಒಂದು ಹಳೆ ಕಂಪ್ಯೂಟರ್, ಒಂದು ಇನ್ವರ್ಟರ್, ಗುಡುಗಿದ ಕೂಡಲೇ ಪ್ಲಗ್ ಕೀಳಲು ಒಬ್ಬರು. ಬಟನ್, ಚಿತ್ರ ಯಾವುದೂ ಇಲ್ಲದ ಕಪ್ಪು ಪರದೆಯಲ್ಲಿ ‘ರಿಜಿಸ್ಟರ್’ ಎಂದು ಟೈಪ್ ಮಾಡಿ ಹೆಸರು ಕೊಟ್ಟರೆ ಸದಸ್ಯ ಸೇರಿದ. ‘ಅನ್‌ರಿಜಿಸ್ಟರ್’ ಎಂದರೆ ಹೋದ. ‘ಖಂಡಿತವಾ?’ ಎಂದು ಕೂಡ ಅದು ಕೇಳುವುದಿಲ್ಲ.

ಕೇಳಲು ಊರು ಉಂಟಲ್ಲ! ಇಲ್ಲಿ ಬೆಳಿಗ್ಗೆ ಒಬ್ಬನನ್ನು ಗ್ರೂಪಿನಿಂದ ತೆಗೆದರೆ ಸಂಜೆಯೊಳಗೆ ಅವನ ಭಾವ ಅಡ್ಮಿನ್‌ನ ಅಂಗಳದಲ್ಲಿ. ‘ಎಂತ ಮಾರಾಯ್ರೆ, ನಮ್ಮವನನ್ನು ಹೊರಗೆ ಹಾಕಿದ್ರಂತೆ?’ ‘ಛೆ ಛೆ, ಕೈ ತಾಗಿ ಹೋದದ್ದು ಅಣ್ಣಾ. ಕೂತ್ಕೊಳ್ಳಿ, ಆಸರಿಗೆ ಎಂತಾಗ್ಬಹುದು?’ ರಾತ್ರಿಗೆ ಆತ ಮರಳಿ ಒಳಗೆ. ಬೇಸರ ಉಳಿಯಬಾರದೆಂದು ಈಗ ಅವನೂ ಅಡ್ಮಿನ್.

ಸರ್ವರಿನಲ್ಲಿ ಖಾತೆಯನ್ನು ‘ಬ್ಯಾನ್’ ಮಾಡುವುದಿದ್ದರೆ ಹೆಸರಿನ ಜೊತೆ ಕಾರಣವನ್ನೂ ಬರೆಯಬೇಕು. ಬರೆಯಬಹುದು: ಅಡಿಕೆ ಧಾರಣೆ ಕೇಳಿದವರಿಗೆ ಅಮೆರಿಕದ ಅಧ್ಯಕ್ಷರ ಬಗ್ಗೆ ಉದ್ದದ ಆಡಿಯೋ ಕಳಿಸಿದ್ದು. ಅಸಲು ಕಾರಣ ತೋಟಕ್ಕೆ ತಾಗಿದ ಸರಕಾರಿ ಕುಮ್ಕಿ ಜಾಗದ ಬೇಲಿ. ಅದನ್ನು ಯಂತ್ರಕ್ಕೆ ಬರೆದುಕೊಟ್ಟು ನಾಳೆ ಅದೇ ದಾಖಲೆಯಾದರೆ?

ಇಷ್ಟು ದಿನದಿಂದ ಒಳಗೆ ಬಾರದ ಹಳೆಯ ಖಾತೆಗಳನ್ನೆಲ್ಲ ಒಟ್ಟಿಗೇ ಗುಡಿಸಿ ತೆಗೆಯುವ ಆಜ್ಞೆಯೊಂದುಂಟು. ನಮ್ಮಲ್ಲಿ ಅದನ್ನು ಒತ್ತುವ ಧೈರ್ಯ ಯಾರಿಗಿದೆ? ತೀರಿಹೋದವರ ನಂಬರಿಗೂ ದಿನಾ ಶುಭೋದಯ ಹೋಗುತ್ತದೆ, ಹುಟ್ಟುಹಬ್ಬಕ್ಕೆ ‘ನೂರ್ಕಾಲ ಬಾಳಿ’ ಹೋಗುತ್ತದೆ. ಪಿತೃಕಾರ್ಯಕ್ಕೆ ಎಲ್ಲೆಲ್ಲಿಂದಲೋ ಜನ ಉಪ್ಪಿನಂಗಡಿಯ ಸಂಗಮಕ್ಕೆ ಬರುತ್ತಾರೆ. ಅಲ್ಲಿಯ ಸಹಸ್ರಲಿಂಗೇಶ್ವರನ ಎದುರಲ್ಲೇ ಪಿಂಡ ಬಿಟ್ಟರೂ ಗ್ರೂಪಿನಿಂದ ಮಾತ್ರ ಮುಕ್ತಿಯಿಲ್ಲ.

ಗ್ರೂಪಿನಲ್ಲಿ ಸದಸ್ಯ ಹಾಕಿದ ಕಸಕ್ಕೆ ಅಡ್ಮಿನ್ ಹೊಣೆಯಲ್ಲ, ಅವನಿಗಿರುವುದು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಅಧಿಕಾರ ಉಂಟು, ಹೊಣೆ ಇಲ್ಲ ಎಂದು ನ್ಯಾಯಾಲಯವೇ ಬರೆದುಕೊಟ್ಟ ಹುದ್ದೆಗೆ ಉಮೇದುವಾರರು ಕಡಿಮೆಯಾದಾರೇ?

ಆದರೆ ಸರ್ವರಿಗೆ ‘ಬ್ಯಾಕಪ್’ ಎಂಬ ಆಜ್ಞೆಯೂ ಇದೆ. ಊರು ಮಲಗಿದ ಮೇಲೆ ಎಲ್ಲದರ ಪ್ರತಿ ತೆಗೆದಿಡುವ ಕೆಲಸ. ಬ್ಯಾಕಪ್ ತೆಗೆದದ್ದಕ್ಕೆ ಯಾರಿಗೂ ಶಾಲು ಹೊದಿಸಿದ್ದು ನಾನು ಕಂಡಿಲ್ಲ. ಹಾಗಾಗಿ ಅದು ‘ಕಂಪ್ಯೂಟರ್ ಗೊತ್ತಿರುವ ಹುಡುಗ’ನ ಪಾಲಿಗೆ. ಸರ್ವರ್ ಸಮಿತಿಗೆ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಐವರು ಉಪಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು ಆದ ಮೇಲೆ ಆ ಹುಡುಗ ಹಿಂದಿನ ಸಾಲಿನಿಂದ ಎದ್ದು, ‘ಸರ್ವರನ್ನೇ ಆಳುವ ರೂಟ್ ಪಾಸ್‌ವರ್ಡ್ ಒಬ್ಬರ ಹತ್ತಿರ ಮಾತ್ರ ಇದ್ದರೆ ಒಳ್ಳೆಯದಿತ್ತು’ ಎಂದನೆನ್ನಿ. ಯಾರ ಹತ್ತಿರ? ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಅವರು ನಾಳೆಯೇ ಬೇರೆ ಸರ್ವರ್ ಕಟ್ಟಿಯಾರು. ಚರ್ಚೆ ಊಟದವರೆಗೆ ನಡೆದು, ಕೊನೆಗೆ ಸರ್ವಾನುಮತದ ನಿರ್ಣಯ: ಪಾಸ್‌ವರ್ಡನ್ನು ಉದ್ಘಾಟನೆಯ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸುವುದು, ‘ಸರ್ವರಿಗೂ ಆದರದ ಸ್ವಾಗತ’ ಎಂಬುದರ ಕೆಳಗೆ, ‘ಊರ ಹತ್ತು ಸಮಸ್ತರು’ ಎಂಬುದರ ಮೇಲೆ.