ಸುಳ್ಳು ಕೂಗು ಮೀಮಾಂಸೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಿಂತ ಕಾರುಗಳ ಸಾಂಸ್ಕೃತಿಕ ಅಧ್ಯಯನ

ಯಾದಗಿರಿ ಜಿಲ್ಲೆಯ ಕುರಿತ ಸಂಶೋಧನೆಗಳು ಕೋಟೆ, ಶಾಸನ, ತತ್ವಪದ, ಸುರಪುರದ ನಾಯಕರು, ಶಹಾಪುರದ ಬೆಟ್ಟದಲ್ಲಿ ಮಲಗಿದಂತೆ ಕಾಣುವ ಬುದ್ಧ, ಇಷ್ಟರಲ್ಲೇ ಸುತ್ತುತ್ತ ಬಂದಿವೆ. ನಿಂತ ಕಾರುಗಳ ವಿಷಯದಲ್ಲಿ ವಿದ್ವಾಂಸರದು ದಿವ್ಯ ಮೌನ. ನಡುರಾತ್ರಿ ಓಣಿಯ ನಾಯಿಗಳೆಲ್ಲ ಬೊಗಳಿ ಸುಸ್ತಾಗಿ ಮಲಗಿದ ಮೇಲೆ ಬೇವಿನ ಗಿಡದ ಕೆಳಗಿನ ಬಿಳಿ ಕಾರೊಂದು ತನ್ನಷ್ಟಕ್ಕೆ ತಾನೇ ಒದರತೊಡಗುತ್ತದಲ್ಲ, ಆ ಒದರಾಟದ ಹಿಂದಿನ ಸಂಕಥನವನ್ನು ಯಾರೂ ನಿರಚನೆಗೆ ಒಳಪಡಿಸಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲಿದೆ. ತುಂಬಿ ಚೆಲ್ಲಿದ್ದನ್ನು ಮಾರ್ಗದರ್ಶಕರಿಗೆ ಒಪ್ಪಿಸಲಾಗುವುದು.

ಮೊದಲು ಕಾಲನಿರ್ಣಯ. ಹಿಮದ ನಾಡಿನವರು ಕಾರಿನ ಆರೈಕೆ ಕುರಿತು ಬರೆದ ಗ್ರಂಥಗಳಲ್ಲಿ ಚಳಿಗಾಲದ ಅಧ್ಯಾಯ ಇದ್ದೇ ಇರುತ್ತದೆ. ಅಲ್ಲಿ ಹಿಮ ಬೀಳುತ್ತದೆ, ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಆದ್ದರಿಂದ ಗಾಡಿಯನ್ನು ತಿಂಗಳುಗಟ್ಟಲೆ ಷೆಡ್ಡಿಗೆ ಹಾಕಿ ಬ್ಯಾಟರಿ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಯಾದಗಿರಿಯಲ್ಲಿ ಉಪ್ಪನ್ನು ಉಪ್ಪಿನಕಾಯಿಗೆ ಹಾಕುತ್ತಾರೆ. ಪೂರ್ತಿ ಬರಿದಾದ ಬ್ಯಾಟರಿಯೊಳಗಿನ ದ್ರವ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಗಟ್ಟಿಯಾಗುವುದೇನೋ ನಿಜ. ತುಂಬಿದ ಬ್ಯಾಟರಿಯಾದರೆ ಮೈನಸ್ 50ರ ಆಸುಪಾಸಿಗೆ ಇಳಿಯಬೇಕು. ಧನುರ್ಮಾಸದ ನಸುಕಿನಲ್ಲಿ ಕಂಬಳಿ ಹೊದ್ದು ಚಹಾದಂಗಡಿಗೆ ಬರುವ ಹಿರಿಯರು "ಏನ್ ಥಂಡಿ ಅದಪಾ" ಎನ್ನುವ ಥಂಡಿ ಆ ದರ್ಜೆಯದಲ್ಲ.

ಹಾಗಂತ ಇಲ್ಲಿ ಕಾರಿಗೆ ಚಳಿಗಾಲವೇ ಇಲ್ಲವೆಂದರೆ ಅದು ಅವಸರದ ತೀರ್ಮಾನ. ಇದೆ, ಅದನ್ನು ನಿರ್ಧರಿಸುವುದು ಪಂಚಾಂಗವಲ್ಲ, ಉದ್ಯಾನ್ ಎಕ್ಸ್‌ಪ್ರೆಸ್. ಮಾಲೀಕ ನೌಕರಿ ಮಾಡುವುದು ಬೆಂಗಳೂರಿನಲ್ಲಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಊರಲ್ಲಿ ಕಾರಿಲ್ಲದಿದ್ದರೆ ಮರ್ಯಾದೆಯಿಲ್ಲ. ಹೀಗಾಗಿ ಕಾರು ಊರಲ್ಲಿ, ಮಾಲೀಕ ಅಲ್ಲಿ. ದೀಪಾವಳಿಗೆ ಬರುತ್ತಾನೆ, ಪೂಜೆ ಮಾಡಿಸುತ್ತಾನೆ, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸುತ್ತಾನೆ, ಬಟ್ಟೆಯ ಕವರ್ ಹೊದಿಸಿ, ರಿಮೋಟ್ ಒತ್ತಿ "ಟುಂಯ್" ಅನಿಸಿ, ರಾತ್ರಿ ಟೇಶನ್ನಿಗೆ ಹೋಗುತ್ತಾನೆ. ಸುರಪುರ, ಶಹಾಪುರದವರಿಗೆ ಸ್ವಂತ ಟೇಶನ್ ಇಲ್ಲದ್ದರಿಂದ ಅವರು ಯಾದಗಿರಿತನಕ ಬಸ್ಸು ಹಿಡಿಯಬೇಕು. ಹಿಡಿಯುವ ಮುನ್ನ ಅವರೂ ಟುಂಯ್ ಅನಿಸಿಯೇ ಹೊರಡುತ್ತಾರೆ. ಮುಂದಿನ ದರ್ಶನ ಸಂಕ್ರಾಂತಿಗೆ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ. ರಜೆ ಸಿಗದಿದ್ದರೆ ಯುಗಾದಿಗೆ.

ಈಗ ಗಣಿತ. ಬೀಗ ಹಾಕಿ ನಿಲ್ಲಿಸಿದ ಕಾರು ನಿದ್ದೆ ಮಾಡುತ್ತದೆಂಬುದು ಲೋಕದ ಭ್ರಮೆ. ಅಲಾರ್ಮ್ ಕಿವಿ ನಿಮಿರಿಸಿಕೊಂಡಿರುತ್ತದೆ, ಸೆಂಟರ್ ಲಾಕ್ ರಿಮೋಟಿನ ದಾರಿ ಕಾಯುತ್ತದೆ, ಗಡಿಯಾರ ಓಡುತ್ತದೆ. ಎಲ್ಲ ಸೇರಿ 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ; 50ರ ಒಳಗಿದ್ದರೆ ಮೆಕ್ಯಾನಿಕ್‌ಗಳು ತಕರಾರು ಮಾಡುವುದಿಲ್ಲ. ದಿನದ 24 ಗಂಟೆಗೆ 0.72 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯನ್ನು ಇದರಿಂದ ಭಾಗಿಸಿದರೆ ಬರುವುದು 48 ದಿನ ಚಿಲ್ಲರೆ. ಅಂದರೆ ಸರಿಯಾಗಿ ಒಂದು ಮಂಡಲ! ವ್ರತ ಹಿಡಿದವರು ಮಂಡಲ ಮುಗಿಸಿ ಪುಣ್ಯವಂತರಾಗುತ್ತಾರೆ, ಬ್ಯಾಟರಿ ಮಂಡಲ ಮುಗಿಸಿ ಸಾಯುತ್ತದೆ. ಇಂಜಿನ್ ಎಬ್ಬಿಸುವ ಶಕ್ತಿ ಅರ್ಧ ಮಂಡಲದ ಸುಮಾರಿಗೇ ಕುಂದಿರುತ್ತದೆ. ದೀಪಾವಳಿಯಿಂದ ಸಂಕ್ರಾಂತಿಗೆ ಎರಡು ತಿಂಗಳ ಮೇಲಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪೂರ್ವಸೂರಿಗಳ ಸ್ಮರಣೆಯಿಲ್ಲದ ಪ್ರಬಂಧವನ್ನು ಪರೀಕ್ಷಕರು ತಿರುಗಿ ನೋಡುವುದಿಲ್ಲ. ಠಗ್ಗರ ಕುರಿತು 1839ರಲ್ಲಿ ಕಾದಂಬರಿ ಪ್ರಕಟಿಸಿದ ಮೆಡೋಸ್ ಟೇಲರ್ ಮರುದಶಕದಲ್ಲಿ ಸುರಪುರಕ್ಕೇ ಬಂದು ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎನ್ನುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ಎದ್ದು ನಿಂತ. ಅದರ ಮರುವರ್ಷವೇ, 1859ರಲ್ಲಿ, ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಕಂಡುಹಿಡಿದ. ಈ ಎರಡಕ್ಕೂ ಸಂಬಂಧವಿಲ್ಲ ಎನ್ನುವವರು ಕನ್ನಡದಲ್ಲಿ ಪಿಎಚ್‌ಡಿ ಮಾಡಿದವರಲ್ಲ. ಕಳ್ಳರ ಮನಸ್ಸು ಬಲ್ಲ ಟೇಲರನ ಕುದುರೆಗಾಡಿಗೆ ಸೈರನ್ ಇರಲಿಲ್ಲ, ಕುದುರೆಯನ್ನು ಒಂದು ಮಂಡಲ ನೀರಿಲ್ಲದೆ ನಿಲ್ಲಿಸುವ ಪದ್ಧತಿಯೂ ಇರಲಿಲ್ಲ. ಇಷ್ಟು ಇತಿಹಾಸ ಸಾಕು.

ಕೂಗಿನ ಕಾರಣದ ಬಗ್ಗೆ ಕಟ್ಟೆಯ ಮೇಲೆ ಮೂರು ಪಂಥಗಳಿವೆ. ಮೊದಲನೆಯವರು ಆಘಾತವಾದಿಗಳು. ಕಾರಿನ ಮೈಗೆ ಪೆಟ್ಟು ಬಿದ್ದರೆ ಅದುರನ್ನು ಹಿಡಿಯುವ ಸೆನ್ಸರ್ ಕೂಗಿಸುತ್ತದೆ, ಅಷ್ಟೇ ಎಂಬುದು ಇವರ ಮತ. ಪ್ರಮಾಣಗಳಿಗೆ ಬರವಿಲ್ಲ: ಶಹಾಪುರದ ಕಡೆ ಹತ್ತಿ ಹೇರಿಕೊಂಡು ಹೋಗುವ ಲಾರಿ, ಡೆಕ್ ಹಚ್ಚಿದ ಟ್ರ್ಯಾಕ್ಟರ್, ಮದುವೆಯ ಡಿಜೆ, ಹುಡುಗರ ಟೆನಿಸ್ ಬಾಲು. ಆಡು ಮುಟ್ಟದ ಸೊಪ್ಪಿಲ್ಲ, ಏರದ ಬಾನೆಟ್ಟೂ ಇಲ್ಲ. ಡ್ಯಾಶ್‌ಬೋರ್ಡಿನ ಅಡಿಯ ಆ ಸೆನ್ಸರಿಗೆ ಸಣ್ಣ ಸ್ಕ್ರೂ ಇರುವುದುಂಟು. ತುಸು ತಿರುವಿದರೆ ಅದರ ಮುಂಗೋಪ ಇಳಿಯುತ್ತದೆ.

ಎರಡನೆಯವರು ದ್ವಾರವಾದಿಗಳು. ಬಾಗಿಲಲ್ಲೂ ಬಾನೆಟ್ಟಿನಲ್ಲೂ ಗುಂಡಿಯಂಥ ಸ್ವಿಚ್ಚುಗಳಿವೆ. ಧೂಳು ಕೂತು, ತುಕ್ಕು ಹಿಡಿದು ಅವು ಪೂರ್ತಿ ಒತ್ತಿಕೊಳ್ಳದಿದ್ದರೆ ಮುಚ್ಚಿದ ಬಾನೆಟ್ಟೂ ತೆರೆದಂತೆ ಕಾರಿಗೆ ತೋರುತ್ತದೆ. ಶಂಕರರ ಹಗ್ಗ ಹಾವಾದದ್ದೂ ಹೀಗೆಯೇ. ಇಲಿ ವೈರು ಕಡಿದದ್ದು ಇದೇ ಪಂಥದ ಉಪಶಾಖೆ. ಬಾನೆಟ್ಟಿನೊಳಗೆ ತಂಬಾಕಿನ ಎಲೆ ಕಟ್ಟುವವರಿದ್ದಾರೆ. ಇಲಿಗೆ ತಂಬಾಕು ಬೇಡವಾಗಿದ್ದರೆ ಅದು ಈ ಭಾಗದ ಇಲಿಯಲ್ಲ ಎಂದು ಹಿರಿಯರೊಬ್ಬರ ಅಭಿಪ್ರಾಯ.

ಮೂರನೆಯ ಪಂಥದಲ್ಲಿ ಇರುವವನು ಬ್ಯಾಟರಿ ಅಂಗಡಿಯವನೊಬ್ಬನೇ. ಅವನ ಸಿದ್ಧಾಂತ: "ಕಳ್ಳ ಬಂದಿಲ್ರಿ ಸರ, ಗಾಡಿಗಿ ಹಸಿವಾಗ್ಯದ. ಹಸದ ಕೂಸು ಅಳ್ತದಿಲ್ರಿ?" ಈ ಅಧ್ಯಯನ ಒಪ್ಪುವುದು ಇದನ್ನೇ. ಹಳೆಯ ಮಾದರಿಯ ಕೆಲವು ಅಲಾರ್ಮ್‌ಗಳ ತರ್ಕ ಹೀಗಿದೆ. ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತದೆ. ಹತ್ತಿದರೆ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ವೋಲ್ಟೇಜ್ ಕುಸಿದಲ್ಲೆಲ್ಲ ಕಳ್ಳನಿದ್ದಾನೆ. ನೈಯಾಯಿಕರು ಇಂಥ ಹೇತುವನ್ನು ಸವ್ಯಭಿಚಾರವೆಂದು ತಳ್ಳಿಹಾಕಿ ಶತಮಾನಗಳಾದವು; ಸುದ್ದಿ ಕಾರಿನ ಕಂಪನಿಯವರಿಗೆ ಮುಟ್ಟಿದಂತಿಲ್ಲ. ಕಳ್ಳನಿಲ್ಲದೆಯೂ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿ ಬರಿದಾಗುತ್ತಿದ್ದರೆ. ಆಗ ಸೈರನ್ ಕೂಗುತ್ತದೆ, ಕೂಗಲು ಮತ್ತಷ್ಟು ಕರೆಂಟು ತಿನ್ನುತ್ತದೆ, ತಿಂದದ್ದರಿಂದ ವೋಲ್ಟೇಜ್ ಇನ್ನೂ ಇಳಿದು ಮತ್ತೆ ಕೂಗುತ್ತದೆ. ಅನ್ಯೋನ್ಯಾಶ್ರಯ ದೋಷಕ್ಕೆ ಇಷ್ಟು ಗಟ್ಟಿಯಾದ ಉದಾಹರಣೆ ಪಾಠಶಾಲೆಗಳಲ್ಲೂ ಸಿಗಲಾರದು. ಕೊನೆಗೊಂದು ರಾತ್ರಿ ಗಂಟಲು ಬಿದ್ದು ನಿಂತಾಗ ಓಣಿಯವರು "ಯಾರೋ ರಿಪೇರಿ ಮಾಡ್ಸ್ಯಾರ" ಎಂದು ನೆಮ್ಮದಿಯಿಂದ ಮಗ್ಗುಲಾಗುತ್ತಾರೆ.

ಮೀಟರ್ ಹಿಡಿದರೆ ವಾದ ಮುಗಿಯುತ್ತದೆ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ; 12.2 ಎಂದರೆ ಅರ್ಧ. 12ರ ಕೆಳಗೆ ಇಳಿದರೆ ಸೆನ್ಸರಿನ ಸ್ಕ್ರೂ ಮುಟ್ಟುವ ಮುಂಚೆ ಚಾರ್ಜಿಗೆ ಹಾಕಬೇಕು. ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಕಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗದು. ಇನ್ನೊಂದು ಕಟುಸತ್ಯವೆಂದರೆ ಬ್ಯಾಟರಿಯನ್ನು ಕೊಂದದ್ದು ಡಿಸೆಂಬರ್ ಅಲ್ಲ, ಮೇ. ಬಿಸಿ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟಾಗುತ್ತದೆ. 40 ದಾಟಿದ ಬಿಸಿಲಲ್ಲಿ, ತಗಡಿನ ಷೆಡ್ಡಿನ ಕೆಳಗೆ ನೀರು ಆರಿ, ಫಲಕ ತಿಂದುಹೋಗಿ, ಗಾಯವನ್ನು ಯಾರಿಗೂ ಹೇಳದೆ ಅದು ಥಂಡಿಯ ಮೊದಲ ಬೆಳಗಿಗೆ ಸೆಲ್ಫ್ ತಗೊಳ್ಳದೆ ಕೂರುತ್ತದೆ. ಶವಪರೀಕ್ಷೆಯಲ್ಲಿ ಎಲ್ಲರೂ ಥಂಡಿಯನ್ನೇ ದೂರುತ್ತಾರೆ.

ಇನ್ನು ಪ್ರಯೋಗಕಾಂಡ. ಊರು ಬಿಡುವ ಮುನ್ನ ಹತ್ತು ನಂಬರ್ ಪಾನಾ ತಂದು ನೆಗೆಟಿವ್ ಕೇಬಲ್ ಬಿಚ್ಚುವುದೇ ಮೋಕ್ಷಮಾರ್ಗ. ಮೊದಲು ನೆಗೆಟಿವ್ವೇ ಏಕೆಂದು ಶಿಷ್ಯ ಕೇಳಿದರೆ: ಕಾರಿನ ಮೈಯೆಲ್ಲ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಪಾನಾ ಮೈಗೆ ತಾಗಿದರೆ ಕಿಡಿ ಹಾರಿ ಸಂಶೋಧಕನ ಹುಬ್ಬು ಸುಟ್ಟೀತು. ಜೋಡಿಸುವಾಗ ನೆಗೆಟಿವ್ ಕೊನೆಗೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಗಡ್ಡದಂತೆ ಬೆಳೆದಿದ್ದರೆ ಅಡುಗೆ ಸೋಡಾ ಕಲಸಿದ ಬೆಚ್ಚಗಿನ ನೀರು ಹಾಕಿ. ಚುರ್ರೆಂದು ನೊರೆಯೆದ್ದು ಬಿಡುತ್ತದೆ. ಹಳೆ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ವ್ಯಾಸಲೀನ್ ಸವರಿ. ಮುಚ್ಚಳವಿರುವ ಬ್ಯಾಟರಿಗೆ ಬ್ಯಾಟರಿ ನೀರನ್ನೇ ಹಾಕಬೇಕು, ಬೋರಿನದಲ್ಲ. ಸ್ವಂತ ಪುಟ್ಟ ಬ್ಯಾಟರಿಯುಳ್ಳ ಸೈರನ್ ಕೇಬಲ್ ಬಿಚ್ಚಿದ ಕೂಡಲೇ ಕಿರುಚುತ್ತದೆ. ಆಗ ಮಾಲೀಕನೇ ಕಳ್ಳನಂತೆ ಓಣಿಯವರಿಗೆ ಮುಖ ತೋರಿಸಬೇಕಾಗುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಆರಿಸುವ ಸಂಪ್ರದಾಯವನ್ನು ಇಲ್ಲಿ ಖಂಡಿಸಲಾಗಿದೆ. ಸೆಲ್ಫ್ ತಿಂದದ್ದು ಅಷ್ಟರಲ್ಲಿ ತುಂಬಿ ಬರುವುದೇ ಕಷ್ಟ. ಅರ್ಧ ತಾಸು ರಸ್ತೆಯ ಮೇಲೆ ಓಡಬೇಕು. ಓಡಿಸುವವರು ಯಾರೆಂಬಲ್ಲಿ ವಿದ್ಯುತ್ ಶಾಸ್ತ್ರ ಮುಗಿದು ಬಂಧುತ್ವ ಶಾಸ್ತ್ರ ಆರಂಭವಾಗುತ್ತದೆ. ಚಾವಿ ಅಕ್ಕನ ಮನೆಯಲ್ಲಿದೆ, ಅಕ್ಕನಿಗೆ ಮಗನಿದ್ದಾನೆ. ಬೆಂಗಳೂರಿನಿಂದ ಫೋನು: "ಅಳಿಯಾ, ಗಾಡಿ ಸುಮ್ನ ನಿಂದ್ರಲಿ, ಹೊರಗ ತಗೀಬ್ಯಾಡ." ಅಳಿಯನ ಉತ್ತರ ಯಾವ ಭಾಷ್ಯಕಾರನಿಗೂ ಹೊಳೆಯದ್ದು: "ಮಾಮಾ, ಗಾಡಿ ನಿಂತ್ರ ಬ್ಯಾಟ್ರಿ ಕೂಡ್ತದ."

ಅಂದಿನಿಂದ ಪ್ರತಿ ಭಾನುವಾರ ಅಳಿಯ ನಾಲ್ವರು ಸಹ-ಸಂಶೋಧಕರೊಡನೆ ಹತ್ತಿಕುಣಿ ಡ್ಯಾಮಿನತ್ತ ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದಾನೆ. ಬ್ಯಾಟರಿ ಈಗ 12.6 ತೋರಿಸುತ್ತದೆ, ರಾತ್ರಿ ಕೂಗು ನಿಂತಿದೆ. ಡೀಸೆಲ್ಲಿನ ಮುಳ್ಳು ಏನು ತೋರಿಸುತ್ತದೆಂಬುದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಹೊರತು.